ಖಾಲಿ ಪೇಟೆಗೆ ಹಬ್ಬ, ತುಂಬಿದ ಪೇಟೆಗೆ ಗುದ್ದಲಿ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಪಕ್ಕದಲ್ಲಿ ಇದ್ದೇನೆ ಅಂದರೆ ಬೆಂಗಳೂರಿನ ನೆಂಟರು ಮೊದಲು ಕೇಳುವುದು, "ಅದು ದಿವಾಳಿ ಆದ ಊರಲ್ವಾ?" ಅಂತ. ಹೌದು, ಆಗಿತ್ತು. 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲ ತೋರಿಸಿ ನಗರಾಡಳಿತವೇ ಕೋರ್ಟ್ ಮೆಟ್ಟಿಲು ಹತ್ತಿತು. ಆ ಹೊತ್ತಿಗೆ ಊರಿನ ಬೀದಿ ದೀಪಗಳಲ್ಲಿ ನೂರಕ್ಕೆ ನಲವತ್ತರಷ್ಟು ಕೆಟ್ಟು ನಿಂತಿದ್ದವು. 1950ರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 2020ರ ಗಣತಿಗೆ ಸಿಕ್ಕವರು 6,39,111.

ಅದೇ ಊರಿನ ನಟ್ಟನಡುವೆ ಈಗ ಪ್ರತಿ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕೆಲವು ದಿನ ಮುಂಚೆ, ಸುಮಾರು 60 ಅಡಿಯ ಕ್ರಿಸ್‌ಮಸ್ ಮರಕ್ಕೆ ದೀಪ ಹಾಕುತ್ತಾರೆ. ಕ್ಯಾಂಪಸ್ ಮಾರ್ಷಿಯಸ್ ಅಂತ ಆ ಚೌಕದ ಹೆಸರು. ಸಾವಿರಾರು ಜನ ಸೇರುತ್ತಾರೆ. ಕಾಲಡಿ ಹೆಜ್ಜೆ ಇಡಲು ಜಾಗ ಇರುವುದಿಲ್ಲ. ಚಳಿಗೆ ಮೂಗಿನ ತುದಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ತಪ್ಪದೆ ಬರುವ ಮಾತು ಒಂದಿದೆ: "ನಮ್ಮಲ್ಲೂ ಹೀಗೆ ಮಾಡಬೇಕಪ್ಪ."

ಏನನ್ನು ಮಾಡಬೇಕು? ಈ ಪ್ರಶ್ನೆ ಕೇಳಿದಾಗ ಅವರ ಕಣ್ಣು ಹೋಗುವುದು ಮರದ ದೀಪಕ್ಕೆ, ಗಾಜಿನ ಕಟ್ಟಡಕ್ಕೆ, ನುಣುಪಾದ ಕಲ್ಲುಹಾಸಿಗೆ. ನನಗೆ ಅನ್ನಿಸುವುದು ಬೇರೆ. ಡೆಟ್ರಾಯಿಟ್‌ಗೆ ಒಂದು ಬಿಟ್ಟರೆ ಹಳೇ ಹಬ್ಬ ಇರಲಿಲ್ಲ, ಆದ್ದರಿಂದ ಹಬ್ಬವನ್ನು ತಯಾರು ಮಾಡಬೇಕಾಯಿತು. ಅದನ್ನು ಮಾಡುತ್ತಾ ಅವರು ಒಂದು ಜಾಗವನ್ನು ದಿನಾ ನೋಡಿಕೊಳ್ಳುವುದನ್ನು ಕಲಿತರು. ನಮ್ಮ ಬೆಂಗಳೂರಿಗೆ ಹಬ್ಬದ ಕೊರತೆ ಯಾವತ್ತೂ ಇಲ್ಲ. ಇಲ್ಲದಿರುವುದು ಆ ನೋಡಿಕೊಳ್ಳುವ ಕೆಲಸ. ನಾವು ನಕಲು ಮಾಡಲು ಹೊರಟಿರುವುದು ಮಾತ್ರ ಹಬ್ಬವನ್ನು!

ಕ್ಯಾಂಪಸ್ ಮಾರ್ಷಿಯಸ್ ಕಥೆ ಸ್ವಲ್ಪ ಹೇಳಬೇಕು. 1805ರಲ್ಲಿ ಬೆಂಕಿ ಬಿದ್ದು ಡೆಟ್ರಾಯಿಟ್ ಪೂರ್ತಿ ಸುಟ್ಟುಹೋಯಿತು. ಆಮೇಲೆ ಅಗಸ್ಟಸ್ ವುಡ್‌ವರ್ಡ್ ಅನ್ನುವ ಜಡ್ಜ್ ಹೊಸ ಊರಿನ ನಕ್ಷೆ ಹಾಕಿದ. ಆ ನಕ್ಷೆಯ ನಡುಬಿಂದು ಇದು. ಇಲ್ಲಿನ ಎಯ್ಟ್ ಮೈಲ್ ಮೊದಲಾದ ರಸ್ತೆಗಳ ಮೈಲಿ ಲೆಕ್ಕ ಈ ಬಿಂದುವಿಗೇ ಬಂದು ಸೇರುತ್ತದೆ. ಇಷ್ಟು ಮುಖ್ಯವಾದ ಜಾಗವನ್ನು ಇಪ್ಪತ್ತನೇ ಶತಮಾನದಲ್ಲಿ ಕಾರಿಗೆ ಒಪ್ಪಿಸಿಬಿಟ್ಟರು. ನಡೆದು ದಾಟುವುದೇ ಕಷ್ಟ ಅನ್ನುವಂಥ ರಸ್ತೆಗಳ ಗೋಜಲು ಆಯಿತು. ಊರಿಗೆ 300 ವರ್ಷ ತುಂಬಿದ ನೆನಪಿಗೆ ಅದನ್ನು ಮತ್ತೆ ಪಾರ್ಕ್ ಮಾಡೋಣ ಅಂತ ತೀರ್ಮಾನಿಸಿ, 2004ರ ನವೆಂಬರಿನಲ್ಲಿ ತೆರೆದರು.

ಮೊದಲ ದಿನದಿಂದ ಅಲ್ಲಿ ಚಳಿಗಾಲಕ್ಕೆ ಐಸ್ ರಿಂಕ್, ಅಂದರೆ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಅಂಗಳ, ಇತ್ತು. ಇದು ಚಿಕ್ಕ ವಿಷಯ ಅಲ್ಲ. ಜನವರಿಯಲ್ಲಿ ಇಲ್ಲಿ ಹಗಲಲ್ಲೂ ಸೊನ್ನೆಗಿಂತ ಕೆಳಗೆ ಇರುವುದು ಮಾಮೂಲಿ. ಮಿಷಿಗನ್‌ನಲ್ಲಿ ಮನೆಯಿಂದ ಹೊರಗೆ ಬರಲು ಕಾರಣ ಬೇಕು. ಬೇಸಿಗೆಯಲ್ಲಿ ಅದೇ ಚೌಕಕ್ಕೆ ಲಾರಿಗಟ್ಟಲೆ ಮರಳು ತಂದು ಸುರಿದು ಬೀಚ್ ಮಾಡುತ್ತಾರೆ. ಸಮುದ್ರ ಇರುವುದು ನೂರಾರು ಮೈಲಿ ಆಚೆ, ಇರಲಿ, ಮಕ್ಕಳು ಬಕೆಟ್ ಹಿಡಿದು ಬರುತ್ತಾರೆ. ಮೇ ಕೊನೆಗೆ ನದಿ ದಡದ ಹಾರ್ಟ್ ಪ್ಲಾಜಾದಲ್ಲಿ ಟೆಕ್ನೋ ಸಂಗೀತ. ಆ ಸಂಗೀತ ಹುಟ್ಟಿದ್ದೇ ಈ ಊರಲ್ಲಿ. ಜೂನ್‌ನಲ್ಲಿ ಪಟಾಕಿ. ಸೆಪ್ಟೆಂಬರ್ ಶುರುವಿನ ರಜೆಗೆ ಜಾಝ್ ಹಬ್ಬ, ಅದಕ್ಕೆ ಟಿಕೆಟ್ಟೇ ಇಲ್ಲ. ಪುಕ್ಕಟೆ. ನನಗೆ ಈ ಊರಿನ ವರ್ಷದಲ್ಲಿ ಅತಿ ಇಷ್ಟವಾದ ಮೂರು ನಾಲ್ಕು ದಿನ ಅವೇ. ಮುದುಕರು ಮಡಿಸುವ ಕುರ್ಚಿ ತಂದು ಬೆಳಗ್ಗೆಯೇ ಜಾಗ ಹಿಡಿಯುತ್ತಾರೆ. ಡೌನ್‌ಟೌನ್‌ನ, ಅಂದರೆ ಊರಿನ ನಡುಪೇಟೆಯ, ಬೇರೆ ಕಾರ್ಯಕ್ರಮಗಳಲ್ಲಿ ಕಾಣದ ಹಳೇ ಡೆಟ್ರಾಯಿಟ್ ಅಲ್ಲಿ ಕಾಣುತ್ತದೆ.

ಒಟ್ಟಿನಲ್ಲಿ ವರ್ಷಕ್ಕೆ ಒಂದು ಪಂಚಾಂಗ ಬರೆದಿಟ್ಟಿದ್ದಾರೆ. ಅದನ್ನು ಬರೆಯುವವರು ಪುರೋಹಿತರಲ್ಲ, ಡೌನ್‌ಟೌನ್ ಡೆಟ್ರಾಯಿಟ್ ಪಾರ್ಟ್‌ನರ್‌ಶಿಪ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ ಮತ್ತು ಅದರಂಥ ಇನ್ನೂ ಕೆಲವು. 2014ರಿಂದ ಡೌನ್‌ಟೌನ್‌ನ ಕಟ್ಟಡದ ಮಾಲೀಕರು ಆಸ್ತಿ ತೆರಿಗೆಯಲ್ಲದೆ ಬೇರೆಯಾಗಿ ಒಂದು ವಂತಿಗೆಯನ್ನೂ ಕಟ್ಟಬೇಕು. ಆ ದುಡ್ಡಲ್ಲಿ ಕಸ ಗುಡಿಸುವುದು, ಹಿಮ ಎತ್ತುವುದು, ಹೂಕುಂಡ ಇಡುವುದು, ದಾರಿ ಕೇಳಿದವರಿಗೆ ದಾರಿ ಹೇಳುವುದು. ಸಮವಸ್ತ್ರ ಹಾಕಿಕೊಂಡ ಜನ ಬೀದಿಯಲ್ಲಿ ಓಡಾಡುತ್ತಲೇ ಇರುತ್ತಾರೆ. ಯಾವ ಹಬ್ಬವೂ ಇಲ್ಲದ ಫೆಬ್ರವರಿಯ ಮಂಗಳವಾರ ಹೋಗಿ ನೋಡಿ, ಆಗಲೂ ಕುರ್ಚಿಗಳ ಮೇಲಿನ ಹಿಮ ಒರೆಸಿರುತ್ತದೆ. ನನ್ನ ಪ್ರಕಾರ ಡೆಟ್ರಾಯಿಟ್‌ನಿಂದ ಕಲಿಯಬೇಕಾದದ್ದು ಆ ಮಂಗಳವಾರವನ್ನು. ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಈಗ ನಮ್ಮ ಕಡೆ ಬರೋಣ.

ಕಡಲೆಕಾಯಿ ಪರಿಷೆಗೆ ಯಾವ ಪಾರ್ಟ್‌ನರ್‌ಶಿಪ್ಪೂ ಬೇಕಾಗಿರಲಿಲ್ಲ. ಕಾರ್ತಿಕ ಮಾಸದ ಕೊನೇ ಸೋಮವಾರ ಬಂತು ಅಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ರಾಶಿ ಬೀಳುತ್ತದೆ. ಬೆಳೆ ತಿನ್ನುತ್ತಿದ್ದ ಬಸವನಿಗೆ ಮೊದಲ ಫಸಲು ಕೊಡುತ್ತೇವೆ ಅಂತ ಸುತ್ತಲ ಹಳ್ಳಿಯವರು ಹರಕೆ ಹೊತ್ತ ಕಥೆ ಎಲ್ಲರಿಗೂ ಗೊತ್ತು. ಆ ಹಳ್ಳಿಗಳೇ ಇವತ್ತು ಬಡಾವಣೆಗಳಾಗಿವೆ. ಕಡಲೆಕಾಯಿ ಗಿಡವನ್ನು ನೋಡಿಯೇ ಇರದ ಮಕ್ಕಳು ಅಲ್ಲಿ ಇದ್ದಾರೆ. ಆದರೂ ಮಾಗಡಿ, ಕೋಲಾರ, ಚಿಂತಾಮಣಿ ಕಡೆಯಿಂದ, ತಮಿಳುನಾಡು ಆಂಧ್ರದಿಂದಲೂ ಮೂಟೆ ಹೊತ್ತು ಬರುತ್ತಾರೆ. ಹಸಿಯದು, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕಿ ಕೊಡುತ್ತಾರೆ. ಪಕ್ಕದಲ್ಲಿ ಬೆಂಡು ಬತ್ತಾಸು, ಗಾಜಿನ ಬಳೆ, ಪೀಪಿ. ಯಾರಿಗೂ ಕರೆಯೋಲೆ ಕಳಿಸಿಲ್ಲ, ಯಾರ ಬ್ಯಾನರಿಗೂ ಕಾದಿಲ್ಲ.

ಕರಗ ಇನ್ನೂ ದೊಡ್ಡ ಮಾತು. ಚೈತ್ರದ ಹುಣ್ಣಿಮೆಯ ನಡುರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು, ಹಳೇ ಪೇಟೆಗಳನ್ನೆಲ್ಲ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬೆಳಗಾಗುವ ಹೊತ್ತಿಗೆ ಮರಳುತ್ತದೆ. ಡೆಟ್ರಾಯಿಟ್‌ನವರು ಡೌನ್‌ಟೌನ್‌ಗೆ ರಾತ್ರಿ ಜನ ಬರಲಿ ಅಂತ ಎಷ್ಟೋ ವರ್ಷ ತಲೆ ಕೆಡಿಸಿಕೊಂಡರು. ನಮ್ಮಲ್ಲಿ ತಲೆತಲಾಂತರದಿಂದ ಜನ ರಾತ್ರಿಯೆಲ್ಲ ಎದ್ದು ಪೇಟೆ ಬೀದಿಯಲ್ಲಿ ನಿಂತಿದ್ದಾರೆ.

ಆದರೆ ಕರಗದ ದಾರಿಯನ್ನೇ ಹಿಡಿದು ನೋಡಿದರೆ ನಾವು ಊರಿಗೆ ಏನು ಮಾಡಿದ್ದೇವೆ ಅನ್ನುವುದೂ ಕಾಣುತ್ತದೆ. ಕರಗದ ವಿಧಿಗಳಲ್ಲಿ ಸಂಪಂಗಿ ಕೆರೆಗೆ ಜಾಗ ಇದೆ. ಆ ಕೆರೆ ಎಲ್ಲಿದೆ? ಕಂಠೀರವ ಸ್ಟೇಡಿಯಂ ಕಟ್ಟಿದ್ದು ಅದರ ಮೇಲೆ. ಕರಗದ ಸಲುವಾಗಿ ಒಂದು ಸಣ್ಣ ಕಲ್ಯಾಣಿಯಷ್ಟು ನೀರು ಉಳಿದಿದೆ, ಅಷ್ಟೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಹಬ್ಬ ಇದ್ದದ್ದರಿಂದಲೇ ಒಂದು ಕೆರೆಯ ತುಣುಕಾದರೂ ಉಳಿಯಿತು ಅನ್ನಬಹುದು. ಪಾರ್ಕ್ ಇಲಾಖೆಗೆ, ಕೆರೆ ಸಮಿತಿಗೆ ಆಗದ ಕೆಲಸವನ್ನು ಒಂದು ಆಚರಣೆ ಮಾಡಿದೆ.

ಡೆಟ್ರಾಯಿಟ್‌ನಲ್ಲಿ ಹೀಗೆ ತಡೆದು ನಿಲ್ಲಿಸುವ ಹಿಡಿತ ಯಾರಿಗೂ ಇರಲಿಲ್ಲ. ಡೌನ್‌ಟೌನ್ ಪಕ್ಕದಲ್ಲೇ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಅನ್ನುವ ಕಪ್ಪು ಜನರ ಕೇರಿಗಳಿದ್ದವು. ಅಂಗಡಿ, ಚರ್ಚು, ಸಂಗೀತದ ಮನೆಗಳು ತುಂಬಿದ್ದ ಹೇಸ್ಟಿಂಗ್ಸ್ ಸ್ಟ್ರೀಟ್ ಇತ್ತು. 1950ರ ದಶಕದಿಂದ ಅಭಿವೃದ್ಧಿ ಅನ್ನುವ ಹೆಸರಲ್ಲಿ ಅದನ್ನು ಕೆಡವಿ ಹೆದ್ದಾರಿ ಹಾಕಿದರು. ಬೀದಿಯೇ ಇಲ್ಲದ ಮೇಲೆ ಬೀದಿಯ ಹಬ್ಬ ಎಲ್ಲಿಂದ ಬರಬೇಕು? ಇವತ್ತು ಮರಳು ತಂದು, ಮರ ತಂದು, ವಾದ್ಯದವರನ್ನು ಕರೆಸಿ ನಡೆಸುವ ಹಬ್ಬಗಳನ್ನು ನೋಡಿದಾಗ ಈ ಹಿಂದಿನ ಲೆಕ್ಕ ನನಗೆ ನೆನಪಾಗುತ್ತದೆ. ಪಕ್ಕದ ಸಿಟಿಗಳಲ್ಲಿ ಬೆಳೆದ ಸಹೋದ್ಯೋಗಿಗಳ ಹತ್ತಿರ ಈ ಮಾತು ಎತ್ತಿದರೆ ಬೇಗ ವಿಷಯ ಬದಲಾಗುತ್ತದೆ.

ಡೆಟ್ರಾಯಿಟ್‌ಗೆ ಹಳೇ ಹಬ್ಬ ಅಂತ ಇರುವುದು ಒಂದು, ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆ. 1924ರಲ್ಲಿ ಶುರುವಾದದ್ದು. ಶುರು ಮಾಡಿದ್ದು ಹಡ್ಸನ್ಸ್ ಅನ್ನುವ ಬಟ್ಟೆಬರೆ, ಆಟಿಕೆ, ಪಾತ್ರೆ ಎಲ್ಲ ಮಾರುವ ದೊಡ್ಡ ಅಂಗಡಿ. ಅಂಗಡಿ ಅಂದರೆ ಅಂತಿಂಥದಲ್ಲ, 400 ಅಡಿ ಮೀರಿದ ಕಟ್ಟಡ. ಹನ್ನೆರಡನೇ ಮಹಡಿ ಪೂರ್ತಿ ಆಟಿಕೆ. ಅರವತ್ತು ದಾಟಿದ ಡೆಟ್ರಾಯಿಟ್‌ನವರನ್ನು ಮಾತಿಗೆ ಎಳೆದರೆ ಆ ಹನ್ನೆರಡನೇ ಮಹಡಿಗೆ ಬಂದೇ ಬರುತ್ತಾರೆ. 1983ರ ಜನವರಿಯಲ್ಲಿ ಅಂಗಡಿ ಮುಚ್ಚಿತು. 1998ರ ಅಕ್ಟೋಬರಿನಲ್ಲಿ ಮದ್ದಿಟ್ಟು ಉರುಳಿಸಿದರು. ಉರುಳುವಾಗ ಪಕ್ಕದಲ್ಲಿದ್ದ ಪೀಪಲ್ ಮೂವರ್ ಅನ್ನುವ ಪುಟ್ಟ ರೈಲಿನ ಹಳಿಯ ಮೇಲೂ ಬಿತ್ತು. ಕೆಡವುವ ಕೆಲಸದಲ್ಲೂ ಇರುವುದನ್ನು ಹಾಳು ಮಾಡಿಕೊಂಡ ಪುಣ್ಯಾತ್ಮರು! ಮೆರವಣಿಗೆ ಮಾತ್ರ ನಿಲ್ಲಲಿಲ್ಲ. ಅಂಗಡಿ ಕೈಬಿಟ್ಟ ಮೇಲೆ ಊರಿನವರು ಸಂಸ್ಥೆ ಕಟ್ಟಿಕೊಂಡು ನಡೆಸುತ್ತಿದ್ದಾರೆ. ವುಡ್‌ವರ್ಡ್ ರಸ್ತೆಯಲ್ಲಿ ಬೆಳಗ್ಗೆ ಆರಕ್ಕೇ ಏಣಿ, ಕಂಬಳಿ, ಫ್ಲಾಸ್ಕ್ ಹಿಡಿದು ಜನ ಸಾಲುಗಟ್ಟುತ್ತಾರೆ.

ಅದೇ ಹಡ್ಸನ್ಸ್ ಜಾಗ ಎಷ್ಟೋ ವರ್ಷ ಖಾಲಿ ಬಿದ್ದಿತ್ತು. 2017ರ ಡಿಸೆಂಬರಿನಲ್ಲಿ ಇಲ್ಲಿನ ದೊಡ್ಡ ಉದ್ಯಮಿ ಡ್ಯಾನ್ ಗಿಲ್ಬರ್ಟ್ ಅವರ ಬೆಡ್‌ರಾಕ್ ಅನ್ನುವ ಕಟ್ಟಡ ಕಂಪನಿ ಅಲ್ಲಿ ಗುದ್ದಲಿ ಪೂಜೆ ಮಾಡಿತು. (ಪೂಜೆ ಇಲ್ಲ, ಗುದ್ದಲಿ ಮಾತ್ರ.) ಈಗ ಅಲ್ಲಿ 681 ಅಡಿಯ ಗೋಪುರ. ಮಿಷಿಗನ್‌ನಲ್ಲಿ ಎತ್ತರದಲ್ಲಿ ಎರಡನೆಯದು. ಖರ್ಚು ನೂರು ಕೋಟಿ ಡಾಲರ್ ದಾಟಿದೆ. ನದಿ ದಡದ ರೆನೆಸಾನ್ಸ್ ಸೆಂಟರ್ ಬಿಟ್ಟು ಇಲ್ಲಿಗೆ ಮುಖ್ಯ ಕಚೇರಿ ತರುತ್ತೇವೆ ಅಂತ ಜನರಲ್ ಮೋಟರ್ಸ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಅದೇ ತಿಂಗಳು ಕ್ಯಾಂಪಸ್ ಮಾರ್ಷಿಯಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯಿತು. ಮೂರು ದಿನಕ್ಕೆ 7.75 ಲಕ್ಷ ಜನ ಅಂತ ಲೆಕ್ಕ ಕೊಟ್ಟರು. ಜೂನ್‌ನಲ್ಲಿ ಮಿಷಿಗನ್ ಸೆಂಟ್ರಲ್ ರೈಲ್ವೆ ಸ್ಟೇಷನ್ ಮತ್ತೆ ತೆರೆಯಿತು. 1988ರಲ್ಲಿ ಕೊನೇ ರೈಲು ಹೊರಟ ಮೇಲೆ ಪಾಳು ಬಿದ್ದು, ಡೆಟ್ರಾಯಿಟ್ ಕೆಟ್ಟಿತು ಅನ್ನುವುದಕ್ಕೆ ಪತ್ರಿಕೆಗಳು ಹಾಕುತ್ತಿದ್ದ ಚಿತ್ರವೇ ಅದಾಗಿತ್ತು. ಫೋರ್ಡ್ ಕಂಪನಿ 2018ರಲ್ಲಿ ಕೊಂಡು ರಿಪೇರಿ ಮಾಡಿಸಿತು. ಒಳಗಿನ ಕಮಾನು, ಹೆಂಚುಗಳನ್ನು ನೋಡಿ ನಾನು ನಿಜವಾಗಿಯೂ ಬೆರಗಾದೆ. ಆ ಕೆಲಸಕ್ಕೆ ಕೈಮುಗಿಯಬೇಕು.

ಬೆರಗಿನ ಜೊತೆಗೆ ಸರ್ಕಾರದ ದುಡ್ಡಿನ ಲೆಕ್ಕವೂ ನೋಡಬೇಕು. ಹಡ್ಸನ್ಸ್ ಗೋಪುರಕ್ಕೆ ನಗರ ಸಭೆ 2022ರಲ್ಲಿ ಹತ್ತು ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ತೆರಿಗೆ ವಿನಾಯಿತಿ ಕೊಟ್ಟಿತು. ಅದಕ್ಕೆ ಮುಂಚೆ ರಾಜ್ಯದಿಂದ ಸಿಕ್ಕಿದ್ದು ಬೇರೆ. ಇತ್ತ ಊರಿನ ಸಾಮಾನ್ಯ ಮನೆಯವರ ಕಥೆ ಏನು? 2010ರಿಂದ 2016ರವರೆಗೆ ಮನೆಗಳ ಬೆಲೆ ಕುಸಿದಿದ್ದರೂ ಪಾಲಿಕೆ ಹಳೇ ಬೆಲೆ ಹಿಡಿದು ತೆರಿಗೆ ಹಾಕಿತು. ಹೀಗೆ ಜಾಸ್ತಿ ವಸೂಲಾದದ್ದು ಕನಿಷ್ಠ 60 ಕೋಟಿ ಡಾಲರ್ ಅಂತ ದಿ ಡೆಟ್ರಾಯಿಟ್ ನ್ಯೂಸ್ 2020ರಲ್ಲಿ ಲೆಕ್ಕ ಹಾಕಿ ತೋರಿಸಿತು. ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಂಡವರು ಸಾವಿರಾರು. ಗೋಪುರಕ್ಕೆ ಬಿಟ್ಟುಕೊಟ್ಟರು, ಮನೆಯವರಿಂದ ಹಿಂಡಿದರು. ಐಸ್ ರಿಂಕ್ ಎಷ್ಟು ಚೆನ್ನಾಗಿದ್ದರೂ ಈ ಮಾತು ಮುಚ್ಚಿಹೋಗುವುದಿಲ್ಲ.

ಇನ್ನೊಂದು ಕಡೆ ನೋಡಿ. 2017ರಲ್ಲಿ ಡೌನ್‌ಟೌನ್‌ನ ಉತ್ತರ ತುದಿಗೆ ಐಸ್ ಹಾಕಿ ಮತ್ತು ಬ್ಯಾಸ್ಕೆಟ್‌ಬಾಲ್ ಆಟದ ಅಂಗಣ ಬಂತು. ಅದರ ಖರ್ಚಿನಲ್ಲಿ 30 ಕೋಟಿ ಡಾಲರಿಗೂ ಮೀರಿ ಸಾರ್ವಜನಿಕರ ಪಾಲು. ಅಂಗಣದ ಸುತ್ತ ಐವತ್ತು ಬ್ಲಾಕ್‌ಗಳಲ್ಲಿ ಮನೆ, ಅಂಗಡಿ, ಬೀದಿ ಬದುಕು ಬರುತ್ತದೆ ಅಂತ 2014ರಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದ್ದರು. ಆಟ ಇರುವ ರಾತ್ರಿ ಅಲ್ಲಿಗೆ ಹೋದರೆ ಈಗಲೂ ಜಾಸ್ತಿ ಕಾಣುವುದು ಪಾರ್ಕಿಂಗ್ ಲಾಟ್. ಆಟ ಮುಗಿದ ಅರ್ಧ ಗಂಟೆಗೆ ಬೀದಿ ಬಿಕೋ ಅನ್ನುತ್ತದೆ. ಅಂಗಣ ಬಂದರೆ ಊರು ಬರುತ್ತದೆ ಅನ್ನುವ ವಾದವನ್ನು ಬೆಂಗಳೂರಲ್ಲಿ ಯಾರಾದರೂ ಮಾಡಿದರೆ ಅವರನ್ನು ಇಲ್ಲಿಗೆ ಕರೆತಂದು ಒಂದು ಸುತ್ತು ನಡೆಸಬೇಕು ಅನ್ನಿಸುತ್ತದೆ.

ಆದರೂ ಇಲ್ಲಿ ಒಂದು ಒಳ್ಳೇ ಕಾನೂನು ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 2016ರಲ್ಲಿ ಡೆಟ್ರಾಯಿಟ್ ಜನ ಓಟು ಹಾಕಿ ತಂದದ್ದು. 7.5 ಕೋಟಿ ಡಾಲರಿಗಿಂತ ದೊಡ್ಡ ಕಟ್ಟಡ ಕೆಲಸಕ್ಕೆ ಸರ್ಕಾರದ ರಿಯಾಯಿತಿ ಬೇಕು ಅಂದರೆ, ಕಟ್ಟುವವರು ಆ ಬಡಾವಣೆಯ ಒಂಬತ್ತು ಜನರ ಸಮಿತಿಯ ಜೊತೆ ಕೂತು ಮಾತಾಡಬೇಕು. ಜನರಿಗೆ ಏನು ಸಿಗುತ್ತದೆ ಅನ್ನುವುದನ್ನು ಬರವಣಿಗೆಯಲ್ಲಿ ಕೊಡಬೇಕು. ಸಮಿತಿಯಲ್ಲಿ ಅಲ್ಲಿನ ನಿವಾಸಿಗಳೇ ನೇರವಾಗಿ ಆರಿಸುವುದು ಇಬ್ಬರನ್ನು ಮಾತ್ರ, ಉಳಿದವರನ್ನು ಪಾಲಿಕೆಯ ಕಡೆಯಿಂದ ಹಾಕುತ್ತಾರೆ. ಈ ಕಾನೂನಿಗೆ ಹಲ್ಲು ಸಾಲದು ಅಂತ ಇಲ್ಲಿನ ಹೋರಾಟಗಾರರೇ ಬೈಯುತ್ತಾರೆ. ಬೈಯಲಿ, ಬೈಯುವುದಕ್ಕಾದರೂ ಒಂದು ಸಭೆ, ಒಂದು ಕಾಗದ ಇದೆಯಲ್ಲ.

ಗಾಂಧಿ ಬಜಾರಿನ ಕೆಲಸ ನೆನೆಸಿಕೊಳ್ಳಿ. ನಡೆಯುವವರಿಗೆ ಬೀದಿ ಮಾಡುತ್ತೇವೆ ಅನ್ನುವ ಯೋಜನೆ. ಉದ್ದೇಶ ಒಳ್ಳೆಯದೇ, ನಾನು ಅದರ ಪರ. ಅಗೆದದ್ದು ಎಳೆದಾಡಿತು. ಹೂವು, ಹಣ್ಣು, ಬಾಳೆ ಎಲೆ ಮಾರುವವರು ಹಬ್ಬದ ಸೀಸನ್ನಿನಲ್ಲೇ ಧೂಳಿನಲ್ಲಿ ಕೂರಬೇಕಾಯಿತು. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಈ ಮೂರು ವಾರಗಳಲ್ಲಿ ಅವರಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಬರುತ್ತದೆ. ಗುತ್ತಿಗೆದಾರನ ಕ್ಯಾಲೆಂಡರಿನಲ್ಲಿ ಆ ವಾರಗಳು ಬೇರೆ ವಾರಗಳ ಹಾಗೇ ಇದ್ದವು. ಊರಿಗೆ ಒಂದು ಪಂಚಾಂಗ ಇದೆ, ಕಾಮಗಾರಿಗೆ ಇನ್ನೊಂದು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಯಾರೂ ಇಲ್ಲ. ಡೆಟ್ರಾಯಿಟ್‌ನಲ್ಲಿ ನವೆಂಬರ್ ಬಂದರೆ ವುಡ್‌ವರ್ಡ್ ರಸ್ತೆಯನ್ನು ಅಗೆದು ಬಿಟ್ಟಿರಲು ಸಾಧ್ಯವೇ ಇಲ್ಲ. ಮೆರವಣಿಗೆ ಇದೆ ಅನ್ನುವುದು ಎಲ್ಲ ಇಲಾಖೆಗಳಿಗೂ ಗೊತ್ತು.

ಚರ್ಚ್ ಸ್ಟ್ರೀಟ್ ಉದಾಹರಣೆ ನನ್ನನ್ನು ಇನ್ನೂ ಕಾಡುತ್ತದೆ. ಚೆನ್ನಾಗಿ ಕಲ್ಲು ಹಾಸಿ 2018ರಲ್ಲಿ ಬಿಟ್ಟುಕೊಟ್ಟರು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ ಭಾನುವಾರ ಗಾಡಿ ನಿಲ್ಲಿಸಿದರು. ಜನ ನಡೆದರು, ಕೂತರು, ಹಾಡಿದರು. ಆಮೇಲೆ ಗಾಡಿಗಳು ವಾಪಸ್ ಬಂದವು. ಯಾಕೆ ನಿಂತಿತು ಅಂದರೆ ನಡೆಸಿಕೊಂಡು ಹೋಗುವುದು ಯಾರ ಕೆಲಸವೂ ಆಗಿರಲಿಲ್ಲ. ಪೊಲೀಸರಿಗೆ ಅದು ಟ್ರಾಫಿಕ್ ತಲೆನೋವು, ಪಾಲಿಕೆಗೆ ಒಂದು ಪ್ರಯೋಗ, ಅಂಗಡಿಯವರಲ್ಲಿ ಕೆಲವರಿಗೆ ಲಾಭ, ಕೆಲವರಿಗೆ ಸಿಟ್ಟು. ಅಲ್ಲೊಂದು ಸಣ್ಣ ಕಚೇರಿ, ನಾಲ್ಕು ಜನ ಸಂಬಳದವರು ಇದ್ದಿದ್ದರೆ ಇವತ್ತಿಗೂ ನಡೆಯುತ್ತಿತ್ತು ಅಂತ ನನ್ನ ನಂಬಿಕೆ.

ಇದೆಲ್ಲ ಕೇಳಿ "ಹಾಗಾದರೆ ಕಟ್ಟಡದ ಮಾಲೀಕರಿಗೇ ಬೀದಿ ಒಪ್ಪಿಸಿಬಿಡೋಣ" ಅನ್ನುವವರೂ ಇದ್ದಾರೆ. ಅಲ್ಲಿ ನನ್ನ ತಕರಾರು ಇದೆ. ದುಡ್ಡು ಕೊಡುವವರ ಕೈಗೆ ಬೀದಿ ಹೋದರೆ ಬೀದಿಯಲ್ಲಿ ಯಾರು ಕೂರಬೇಕು ಅನ್ನುವುದನ್ನೂ ಅವರೇ ತೀರ್ಮಾನಿಸುತ್ತಾರೆ. ಕ್ಯಾಂಪಸ್ ಮಾರ್ಷಿಯಸ್ ಪಕ್ಕದ ಕ್ಯಾಡಿಲಾಕ್ ಸ್ಕ್ವೇರ್‌ನಲ್ಲಿ ಚಳಿಗಾಲಕ್ಕೆ ಗಾಜಿನ ಪುಟ್ಟ ಅಂಗಡಿಗಳನ್ನು ಇಡುತ್ತಾರೆ. ಒಳಗೆ ಬೆಚ್ಚಗೆ, ಮೇಲೆ ಸಾಲು ದೀಪ. ನೋಡಲು ಬಲು ಚೆಂದ. ಅಲ್ಲಿ ಅಂಗಡಿ ಇಡಲು ಮುಂಚೆಯೇ ಅರ್ಜಿ ಹಾಕಬೇಕು, ಅವರು ಆರಿಸಬೇಕು. ಸಾಬೂನು, ಮೇಣದ ಬತ್ತಿ, ಉಣ್ಣೆಯ ಟೋಪಿ, ದುಬಾರಿ ಚಾಕೊಲೇಟ್ ಸಿಗುತ್ತದೆ. ಮೂಟೆ ಬಿಚ್ಚಿ ರಸ್ತೆ ಮೇಲೆ ಸುರಿದು ಕೂರುವ ರೈತನಿಗೆ ಆ ಚೌಕದಲ್ಲಿ ಜಾಗ ಇಲ್ಲ. ರೈತರು ಇರುವುದು ಒಂದೂವರೆ ಮೈಲಿ ಆಚೆ, 1891ರಿಂದ ನಡೆಯುತ್ತಿರುವ ಈಸ್ಟರ್ನ್ ಮಾರ್ಕೆಟ್‌ನಲ್ಲಿ. ಶನಿವಾರ ಅಲ್ಲಿ ಹೋದರೆ ನಮ್ಮ ಕೆ.ಆರ್. ಮಾರ್ಕೆಟ್‌ನ ಗದ್ದಲದ ಒಂದಾಣೆ ಪಾಲಾದರೂ ಸಿಗುತ್ತದೆ. ಚೌಕಾಸಿ ಮಾತ್ರ ನಡೆಯುವುದಿಲ್ಲ. ಮೇ ತಿಂಗಳ ಹೂವಿನ ದಿನ ಬಂದರಂತೂ ಇಡೀ ಮಿಷಿಗನ್ ಕೈಗಾಡಿ ಎಳೆದುಕೊಂಡು ಬಂದಿರುತ್ತದೆ.

ಪರಿಷೆಯಲ್ಲಿ ಮಾರುವವನಿಗೆ ತನ್ನದೇ ಹಕ್ಕು ಇದೆ. ತಾತ ಕೂರುತ್ತಿದ್ದ ಜಾಗದಲ್ಲಿ ಮೊಮ್ಮಗ ಕೂರುತ್ತಾನೆ. ನಮ್ಮ ದೇಶದಲ್ಲಿ 2014ರಿಂದ ಬೀದಿ ವ್ಯಾಪಾರಿಗಳಿಗೆ ಕಾನೂನೇ ಇದೆ. ಅವರನ್ನು ಎಬ್ಬಿಸುವ ಮುಂಚೆ ಸರ್ವೆ ಆಗಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ವ್ಯಾಪಾರಿಗಳೂ ಕೂರಬೇಕು. ಅಮೆರಿಕದ ಎಷ್ಟೋ ಊರುಗಳಲ್ಲಿ ಇಲ್ಲದ ಕಾನೂನು ಅದು. ನಾವು ಅದನ್ನು ಕಾಗದದ ಮೇಲೆ ಬಿಟ್ಟು, ಹೊರದೇಶದ ಫೋಟೋ ತೋರಿಸಿ ಬೀದಿ ಚೊಕ್ಕಟ ಮಾಡುತ್ತೇವೆ ಅನ್ನುತ್ತೇವೆ.

ಓಡಾಟದ ವಿಷಯದಲ್ಲಿ ಬೆಂಗಳೂರು ಗೆದ್ದಿದೆ. ಟ್ರಾಫಿಕ್ ಬಗ್ಗೆ ಗೊಣಗುವವರಿಗೆ ಕೋಪ ಬರಬಹುದು, ಆದರೂ ಹೇಳುತ್ತೇನೆ. 2011ರ ಅಕ್ಟೋಬರಿನಲ್ಲಿ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಬಂದಾಗ ಅದು ಬರೀ 6.7 ಕಿಲೋಮೀಟರ್. ಅದಕ್ಕಾಗಿ ನೆರಳಿನ ಬುಲೆವಾರ್ಡ್ ಹೋಯಿತು, ಆ ನೋವು ನನಗೂ ಇದೆ. ಈಗ ಮೆಟ್ರೋ 90 ಕಿಲೋಮೀಟರ್ ದಾಟಿದೆ. ಚಿಕ್ಕಪೇಟೆಗೇ, ಕೆ.ಆರ್. ಮಾರ್ಕೆಟ್‌ಗೇ ನೆಲದಡಿ ಸ್ಟೇಷನ್ ಇದೆ. ಡೆಟ್ರಾಯಿಟ್‌ನಲ್ಲಿ 1987ರ ಪೀಪಲ್ ಮೂವರ್ ಇದೆ. 2.9 ಮೈಲಿ ಸುತ್ತು, ಹದಿಮೂರು ಸ್ಟೇಷನ್, ಒಂದೇ ದಿಕ್ಕು. ಸುಮ್ನೆ ಸುತ್ತುತ್ತಲೇ ಇರುತ್ತದೆ. 2017ರಲ್ಲಿ ವುಡ್‌ವರ್ಡ್ ಮೇಲೆ 3.3 ಮೈಲಿಯ ಟ್ರಾಮ್ ಬಂತು. ಎರಡೂ ಈಗ ಪುಕ್ಕಟೆ. ಪಕ್ಕದ ಸಿಟಿಗಳನ್ನೂ ಸೇರಿಸಿ ದೊಡ್ಡ ಬಸ್ಸು ರೈಲು ಯೋಜನೆ ಮಾಡೋಣ ಅಂತ 2016ರಲ್ಲಿ ಜನರ ಮುಂದೆ ಇಟ್ಟರೆ ಕೂದಲೆಳೆಯಲ್ಲಿ ಸೋತಿತು. ಹಾಗಾಗಿ ಮರದ ದೀಪ ನೋಡಲು ಬರುವ ಜನರೆಲ್ಲ ಕಾರಲ್ಲೇ ಬರಬೇಕು. ಕಾರು ನಿಲ್ಲಿಸಲು ಜಾಗ ಬೇಕು. ಆ ಜಾಗಕ್ಕಾಗಿ ಡೌನ್‌ಟೌನ್‌ನ ಅದೆಷ್ಟೋ ಬ್ಲಾಕ್‌ಗಳು ಬೋಳಾಗಿವೆ. ಇದು ಬಾಲವನ್ನೇ ನುಂಗುತ್ತಿರುವ ಹಾವಿನ ಕಥೆ.

ಆ ಕಾರಿನವರಲ್ಲಿ ನಾವೂ ಇದ್ದೇವೆ. ಇಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರು ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಇರುವವರು. ಒಳ್ಳೇ ಸ್ಕೂಲು, ದೊಡ್ಡ ಮನೆ, ಗುಡಿ ಹತ್ತಿರ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2002ರ ಸಮ್ಮೇಳನ ಡೆಟ್ರಾಯಿಟ್‌ನಲ್ಲೇ ನಡೆಯಿತು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಮ್ಮ ಯುಗಾದಿ, ರಾಜ್ಯೋತ್ಸವ ಎಲ್ಲ ನಡೆಯುವುದು ಪಕ್ಕದ ಸಿಟಿಗಳ ಹೈಸ್ಕೂಲ್ ಸಭಾಂಗಣಗಳಲ್ಲಿ. ಡೌನ್‌ಟೌನ್ ನಮಗೆ ಊರಿಂದ ಬಂದ ಅತ್ತೆ ಮಾವನಿಗೆ ತೋರಿಸುವ ಜಾಗ. ಕಾರಿನಿಂದ ಇಳಿದು, ಮರದ ಮುಂದೆ ಫೋಟೋ ತೆಗೆದು, ಮಕ್ಕಳಿಗೆ ಹಾಟ್ ಚಾಕೊಲೇಟ್ ಕೊಡಿಸಿ, ಕತ್ತಲಾಗುವ ಮುಂಚೆ ಹೈವೇ ಹಿಡಿಯುವುದು. ತೆರಿಗೆ ಕಟ್ಟುವುದು ಟ್ರಾಯ್‌ಗೆ, ಹೆಮ್ಮೆ ಪಡುವುದು ಡೆಟ್ರಾಯಿಟ್ ಬಗ್ಗೆ. ಈ ಜಾಣತನ ಬೆಂಗಳೂರಲ್ಲೂ ಶುರುವಾಗಿದೆ. ವೈಟ್‌ಫೀಲ್ಡ್, ಸರ್ಜಾಪುರದಿಂದ ವರ್ಷಕ್ಕೆ ಒಂದು ಸಲ ಪರಿಷೆ ನೋಡಲು ಬಂದು, ಹಳೇ ಬೆಂಗಳೂರು ಎಷ್ಟು ಚೆಂದ ಅಂತ ಬರೆದು, ಉಳಿದ ದಿನ ಅದರ ಚರಂಡಿ, ಫುಟ್‌ಪಾತ್ ಬಗ್ಗೆ ಒಂದು ಮಾತೂ ಆಡದವರು ಹೆಚ್ಚುತ್ತಿದ್ದಾರೆ. ಪೇಟೆ ಬರೀ ನೋಡುವ ಜಾಗ ಆದರೆ ಅದಕ್ಕೆ ಬೇಲಿ, ಟಿಕೆಟ್ಟು, ಪ್ರಾಯೋಜಕರು ಬರಲು ತಡ ಆಗುವುದಿಲ್ಲ.

ಹೋದ ಸಲ ಊರಿಗೆ ಹೋದಾಗ ನನ್ನ ಚಿಕ್ಕಪ್ಪನ ಮಗ ಇದನ್ನೆಲ್ಲ ಕೇಳಿ, "ಅಣ್ಣಾ, ಹೊರಗಿದ್ದು ಹೇಳೋದು ಸುಲಭ. ಒಂದು ಕೆಲಸ ಹೇಳು, ಪಾಲಿಕೆ ನಾಳೆ ಮಾಡಬಹುದಾದದ್ದು" ಅಂದ. ಚಾಮರಾಜಪೇಟೆಯಲ್ಲಿ ಅಂಗಡಿ ಇಟ್ಟಿರುವವನು, ಅವನ ಮಾತಿಗೆ ತೂಕ ಇದೆ. ನಾನು ಹೇಳಿದ್ದು ಇಷ್ಟೇ. ಪರಿಷೆಗೆ ಬರುವ ರೈತ ಹೆಂಗಸರು ಎರಡು ಮೂರು ರಾತ್ರಿ ರಸ್ತೆ ಮೇಲೇ ಮಲಗುತ್ತಾರೆ. ಅವರಿಗೆ ನಡೆಯುವ ದೂರದಲ್ಲಿ ಶೌಚಾಲಯ, ಕುಡಿಯುವ ನೀರು, ರಾತ್ರಿ ಬೆಳಕು ಬೇಕು. ತಾತ್ಕಾಲಿಕ ಅಲ್ಲ, ವರ್ಷಪೂರ್ತಿ ಇರುವಂಥದ್ದು. ಅದನ್ನು ನೋಡಿಕೊಳ್ಳಲು ಆ ಬೀದಿಯದೇ ಇಬ್ಬರಿಗೆ ಸಂಬಳ ಕೊಡಿ, ಅವರ ಫೋನ್ ನಂಬರನ್ನು ಗೋಡೆ ಮೇಲೆ ಬರೆಯಿರಿ. ಬುಲ್ ಟೆಂಪಲ್ ರಸ್ತೆಯಲ್ಲಿ ಅಗೆಯುವ ಎಲ್ಲ ಇಲಾಖೆಗಳೂ ಕಾರ್ತಿಕಕ್ಕೆ ಒಂದು ತಿಂಗಳ ಮುಂಚೆ ಗುಂಡಿ ಮುಚ್ಚಿರಬೇಕು ಅಂತ ಟೆಂಡರಿನಲ್ಲೇ ಬರೆಯಿರಿ.

"ಇಬ್ಬರ ಸಂಬಳ ಯಾರು ಕೊಡ್ತಾರೆ?" ಅಂದ.

ರಸ್ತೆಯ ಎರಡೂ ಬದಿಯ ಕಟ್ಟಡದವರು ಕೊಡಲಿ ಅಂದೆ. ನೀನೂ ಕೊಡ್ತೀಯಾ ಅಂತ ಕೇಳಿದೆ. ಪರಿಷೆ ಇರುವುದು ಬಸವನಗುಡಿಯಲ್ಲಿ, ತನ್ನ ಅಂಗಡಿ ಇರುವುದು ಚಾಮರಾಜಪೇಟೆಯಲ್ಲಿ ಅಂತ ಅವನು ನೆನಪಿಸಿದ.